ವಾರಕ್ಕೆ ಮೂರು ತಾಸು ರಸ್ತೆ ಕೊಡಿ

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಓದುಗ ಬಾಂಧವರಲ್ಲಿ, ಅದರಲ್ಲೂ ಆಲಮಟ್ಟಿ ಹಿನ್ನೀರಿನ ದಂಡೆಯ ಊರುಗಳ ಹಿರಿಯರು, ರೈತರು, ಪಾಲಕರಲ್ಲಿ ಒಂದು ವಿನಂತಿ.

ಆಲಮಟ್ಟಿ ಜಲಾಶಯದ ಸುತ್ತಮುತ್ತ ಈಗಾಗಲೇ ಇರುವ ರಸ್ತೆಗಳನ್ನೇ ಜೋಡಿಸಿ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರಿನ ಒಂದು ಸುತ್ತು ಗುರುತಿಸಿ. ಪ್ರತಿ ರವಿವಾರ ಮುಂಜಾನೆ ಮೂರು ತಾಸು ಅದರ ಮೇಲೆ ಮೋಟಾರು ವಾಹನ ಓಡದಂತೆ ಮಾಡಿ. ಆ ಮೂರು ತಾಸು ರಸ್ತೆ ಸೈಕಲ್ಲಿನವರದು, ನಡೆಯುವವರದು, ಎತ್ತಿನ ಗಾಡಿಯವರದು ಆಗಲಿ. ನಮ್ಮ ಬೇಡಿಕೆ ಇಷ್ಟೇ. ಇದಕ್ಕೆ ಭೂಸ್ವಾಧೀನ ಬೇಡ, ಟೆಂಡರ್ ಬೇಡ, ಕೋಟಿಗಟ್ಟಲೆ ದುಡ್ಡು ಬೇಡ. ರಸ್ತೆ ಇದೆ, ಅದರ ಹೊತ್ತಿನಲ್ಲಿ ಒಂದು ಸಣ್ಣ ಪಾಲು ಕೇಳುತ್ತಿದ್ದೇವೆ.

ಸೈಕಲ್ ನಮ್ಮ ಸೀಮೆಗೆ ಹೊಸದಲ್ಲ. ಜಾತ್ರೆ ಎಂದರೆ ತೇರು, ಕುಸ್ತಿ, ಬಂಡಿ ಓಟ. ಅವುಗಳ ಬೆನ್ನಿಗೇ ಸೈಕಲ್ ಶರ್ಯತ್ತು. ದಸರಾ ಕ್ರೀಡಾಕೂಟದಿಂದ ರಾಷ್ಟ್ರೀಯ ಪಂದ್ಯಾವಳಿಯವರೆಗೆ ರಾಜ್ಯದ ಹೆಸರಿನಲ್ಲಿ ಸೈಕಲ್ ತುಳಿದು ಪದಕ ತಂದವರ ಊರು ಕೇಳಿ ನೋಡಿ: ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ ಎಂಬ ಉತ್ತರವೇ ಮತ್ತೆ ಮತ್ತೆ ಬರುತ್ತದೆ. ವಿಜಯಪುರ, ಬಾಗಲಕೋಟೆಯ ಕ್ರೀಡಾ ನಿಲಯಗಳಲ್ಲಿ, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆಯಲ್ಲಿ ತಯಾರಾದ ಹುಡುಗರು, ಹುಡುಗಿಯರು ಬಹುಪಾಲು ಒಕ್ಕಲು ಮನೆತನದವರು. ಹೊಲಕ್ಕೆ ಬುತ್ತಿ ಒಯ್ಯುತ್ತ, ಶಾಲೆಗೆ ಹೋಗುತ್ತ ಗಟ್ಟಿಯಾದ ಕಾಲುಗಳು ಅವು. ಇಲ್ಲಿನ ಬಯಲು ನೆಲ, ಎದುರುಗಾಳಿ, ಬಿಸಿಲು ಎಲ್ಲವೂ ಅವರಿಗೆ ಗುರುಗಳೇ.

ಆದರೆ ಈ ಮಕ್ಕಳು ಅಭ್ಯಾಸ ಮಾಡುವುದು ಎಲ್ಲಿ? ಹೆದ್ದಾರಿಯ ಅಂಚಿನಲ್ಲಿ. ವಿಜಯಪುರ ದಾಟಿ ಚಿತ್ರದುರ್ಗದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಕಂಟೇನರ್ ಲಾರಿಗಳ ಪಕ್ಕದಲ್ಲಿ. ಇಲ್ಲವೆಂದರೆ ತಗ್ಗು ಬಿದ್ದ ಜಿಲ್ಲಾ ರಸ್ತೆಗಳಲ್ಲಿ. ಎರಿ ಭೂಮಿಯ ರಸ್ತೆಯ ಪಾಡು ನಿಮಗೆ ಹೇಳಬೇಕಿಲ್ಲ. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಡಾಂಬರಿನ ಅಂಚು ಮೊದಲು ಕಿತ್ತುಹೋಗುತ್ತದೆ. ಸೈಕಲ್ಲಿನವನಿಗೆ ನಾವು ಬಿಟ್ಟುಕೊಡುವುದು ಆ ಅಂಚನ್ನೇ. ಬೆರಳಿನಷ್ಟು ಅಗಲದ ಟೈರಿನ ರೇಸಿಂಗ್ ಸೈಕಲ್ ಒಂದು ತಗ್ಗಿಗೆ ಬಿದ್ದರೆ ಸವಾರ ರಸ್ತೆಯ ನಡುವಿಗೆ ಉರುಳುತ್ತಾನೆ. ಹಿಂದೆ ಲಾರಿ ಇದ್ದರೆ ಮುಂದಿನದು ಹೇಳುವಂತಿಲ್ಲ.

ರೋಡ್ ರೇಸ್ ಒಬ್ಬರೇ ತುಳಿದು ಕಲಿಯುವ ಆಟವಲ್ಲ. ತಾಸಿಗೆ 35–40 ಕಿ.ಮೀ. ವೇಗದಲ್ಲಿ ಹೋಗುವಾಗ ಸವಾರನ ಶಕ್ತಿಯ ಬಹುಭಾಗ ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಇನ್ನೊಬ್ಬನ ಹಿಂದೆ ಒತ್ತಾಗಿ ಹೋದವನಿಗೆ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಹಾಗಾಗಿಯೇ ಸವಾರರು ಗುಂಪಾಗಿ ಹೋಗುತ್ತಾರೆ. ಮುಂದಿದ್ದವನು ದಣಿದಾಗ ಹಿಂದೆ ಸರಿದು ಇನ್ನೊಬ್ಬನಿಗೆ ಜಾಗ ಕೊಡುತ್ತಾನೆ. ಗಾಳಿ ಪಕ್ಕದಿಂದ ಬೀಸಿದರೆ ರಸ್ತೆಯ ಅಗಲಕ್ಕೆ ಓರೆಯಾಗಿ ಸಾಲು ಕಟ್ಟುತ್ತಾರೆ. ಈ ವಿದ್ಯೆಯನ್ನು ವಾಹನ ಓಡುವ ರಸ್ತೆಯಲ್ಲಿ ಕಲಿಸಲು ಸಾಧ್ಯವೇ ಇಲ್ಲ. ವೆಲೊಡ್ರೋಮ್ ಇದ್ದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದು ಟ್ರ್ಯಾಕ್ ಪಂದ್ಯಗಳಿಗೆ. ರೋಡ್ ರೇಸಿಗೆ ರಸ್ತೆಯೇ ಬೇಕು: ಏರು, ಇಳಿವು, ತಿರುವು, ಗಾಳಿ ಇರುವ ನಿಜವಾದ ರಸ್ತೆ.

ಕಬ್ಬಿನ ಹಂಗಾಮಿನಲ್ಲಿ ಈ ಕಷ್ಟ ಇಮ್ಮಡಿ. ಸೈಕಲ್ ತುಳಿಯಲು ನಮ್ಮಲ್ಲಿ ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರುವರಿ. ಮಳೆ ಹಿಂದೆಗೆದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ, ಜಲಾಶಯ ತುಂಬಿರುತ್ತದೆ. ಕಾರ್ಖಾನೆಗಳು ಕಬ್ಬು ನುರಿಸುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಬಾಗಲಕೋಟೆ ಜಿಲ್ಲೆಯೊಂದರಲ್ಲೇ ಹತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆಯ ಮುಕ್ಕಾಲು ಭಾಗ ತುಂಬಿಕೊಂಡು, ಎಷ್ಟೋ ಸಲ ಹಿಂದೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದೆ, ಕತ್ತಲಿರುವಾಗಲೇ ಸಾಲುಗಟ್ಟುತ್ತವೆ. ಡ್ರೈವರನಿಗೆ ಹಿಂದೇನಿದೆ ಎಂಬುದು ಕಾಣುವುದಿಲ್ಲ. ಸೈಕಲ್ಲಿನವನಿಗೆ ಮುಂದೇನಿದೆ ಎಂಬುದು ಕಾಣುವುದಿಲ್ಲ. ಇಲ್ಲಿ ಡ್ರೈವರನನ್ನು ಬೈದು ಫಲವಿಲ್ಲ. ಅವನದು ಹೊಟ್ಟೆಪಾಡು, ಕಾರ್ಖಾನೆಯ ಗೇಟಿನಲ್ಲಿ ಪಾಳಿ ತಪ್ಪಬಾರದೆಂಬ ಧಾವಂತ. ಇಬ್ಬರನ್ನೂ ಒಂದೇ ಹೊತ್ತಿಗೆ ಒಂದೇ ರಸ್ತೆಗೆ ನೂಕಿರುವ ವ್ಯವಸ್ಥೆಯೇ ತಪ್ಪು.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳಿತು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೈಕಲ್ ಮೇಲಿದ್ದವರು. ತನ್ನಿಂದ ಇನ್ನೊಬ್ಬರಿಗೆ ಅಪಾಯವೇ ಇಲ್ಲದ ವಾಹನದಲ್ಲಿ ಹೋಗುತ್ತಿದ್ದವರು ಅವರು. ಮಗಳು ಸೈಕಲ್ಲಿನಲ್ಲಿ ಮುಂದೆ ಬರಲಿ ಎಂದು ಆಸೆಪಡುವ ಪಾಲಕರು, ರಸ್ತೆ ನೆನಪಾದೊಡನೆ ಬೇಡ ಎನ್ನುವುದು ಇದೇ ಕಾರಣಕ್ಕೆ. ಅವರ ಭಯಕ್ಕೆ ಭಾಷಣ ಉತ್ತರವಲ್ಲ. ವಾಹನವಿಲ್ಲದ ರಸ್ತೆ ಉತ್ತರ.

ಹಾಗಾದರೆ ಆಲಮಟ್ಟಿಯೇ ಏಕೆ?

ಮೊದಲ ಕಾರಣ ಅನುಕೂಲ. ಎರಡೂ ಜಿಲ್ಲೆಗಳಿಗೆ ಅದು ನಡುಜಾಗ. ಗದಗ–ಹೋಟಗಿ ಮಾರ್ಗದ ರೈಲು ನಿಲ್ದಾಣ ಅಲ್ಲೇ ಇದೆ. ಉದ್ಯಾನಗಳಿವೆ, ಅವುಗಳ ಒಳರಸ್ತೆಗಳಿವೆ. ಎಡದಂಡೆ, ಬಲದಂಡೆ ಕಾಲುವೆಗಳ ಪಕ್ಕದಲ್ಲಿ ಇಲಾಖೆಯ ತಪಾಸಣಾ ರಸ್ತೆಗಳಿವೆ. ಹಳ್ಳಿಯಿಂದ ಹಳ್ಳಿಗೆ ಜೋಳ, ಸೂರ್ಯಕಾಂತಿ, ತೊಗರಿ ಹೊಲಗಳ ನಡುವೆ ಹೋಗುವ ಸಂಪರ್ಕ ರಸ್ತೆಗಳಿವೆ. ಸುತ್ತಿನ ರಸ್ತೆಯಾದರೆ ಇನ್ನೊಂದು ಲಾಭವೂ ಉಂಟು. ಜೂನ್, ಜುಲೈಯ ಪಡುವಣ ಗಾಳಿ ಈ ಬಯಲಿನಲ್ಲಿ ಹೇಗೆ ಬೀಸುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತು. ಸುತ್ತು ಹಾಕುವವನಿಗೆ ಅರ್ಧ ದಾರಿ ಗಾಳಿ ಎದುರು, ಅರ್ಧ ದಾರಿ ಬೆನ್ನಿಗೆ. ಹೊಸಬನೂ ಎದೆಗುಂದದೆ ಮನೆ ಮುಟ್ಟುತ್ತಾನೆ.

ಎರಡನೆಯ ಕಾರಣ ನ್ಯಾಯದ್ದು. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಈ ಅಣೆಕಟ್ಟೆಗೆ ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ನಡುವಿನ ನಾಲ್ಕು ದಶಕಗಳಲ್ಲಿ ಊರಿಗೆ ಊರೇ ಮುಳುಗಡೆಯ ಪಟ್ಟಿ ಸೇರಿತು. ಹಳೆಯ ಬಾಗಲಕೋಟೆಯ ಒಂದು ಭಾಗ ನೀರಿನ ಪಾಲಾಗಿ ನವನಗರ ಎದ್ದಿತು. ಜಲಾಶಯದಲ್ಲಿ ಇವತ್ತು 519.60 ಮೀಟರ್ ಮಟ್ಟಕ್ಕೆ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಆ ನೀರಿನ ಕೆಳಗಿರುವುದು ನಮ್ಮ ನಿಮ್ಮ ಅಜ್ಜಂದಿರ ಮಡ್ಡಿ, ಮಸಾರಿ, ಎರಿ ಹೊಲಗಳು. ಅವನ್ನು ಬಿಟ್ಟುಕೊಟ್ಟವರ ಮೊಮ್ಮಕ್ಕಳಿಗೆ ಪುನರ್ವಸತಿ ಕೇಂದ್ರದಲ್ಲಿ ಒಂದು ಪ್ಲಾಟು ಸಿಕ್ಕಿತು. ಆದರೆ ಆ ನೀರಿನ ದಂಡೆಯ ಮೇಲೆ ನಿಶ್ಚಿಂತೆಯಿಂದ ಹೋಗಿಬರುವ ಒಂದು ಹಾದಿ ಸಿಗಲಿಲ್ಲ. ಉದ್ಯಾನಕ್ಕೆ ಟಿಕೆಟ್ ತೆಗೆಸಿ ಒಳಗೆ ಹೋಗುವ ಪ್ರವಾಸಿ ಆಗಿಯೇ ಅವರು ತಮ್ಮ ನೀರನ್ನು ನೋಡಬೇಕು. ವಾರಕ್ಕೆ ಮೂರು ತಾಸಿನ ಸುತ್ತು ಅವರಿಗೆ ಸಲ್ಲಬೇಕಾದ ಋಣದಲ್ಲಿ ತೀರಾ ಚಿಕ್ಕ ಕಂತು.

ಇಲ್ಲಿ ಒಂದು ಮುಂದಾಲೋಚನೆಯ ಮಾತು. ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿದೆ. ಅದು ಆದ ದಿನ ಇನ್ನಷ್ಟು ಊರುಗಳು ಸ್ಥಳಾಂತರವಾಗಬೇಕು, ಇನ್ನಷ್ಟು ರಸ್ತೆಗಳು ಮುಳುಗಬೇಕು. ಆದ್ದರಿಂದ ಈಗ ಗುರುತಿಸುವ ಸುತ್ತು ಆ ಹೊಸ ಮಟ್ಟಕ್ಕಿಂತ ಮೇಲಿರಲಿ. ಮುಂದೆ ಕಟ್ಟುವ ಪುನರ್ವಸತಿ ಕೇಂದ್ರಗಳ ರಸ್ತೆಗಳಿಗೆ ನಕ್ಷೆ ಹಾಕುವಾಗಲೇ ಸೈಕಲ್ಲಿಗೆ ಒಂದು ಪಟ್ಟಿ ಬಿಡಲಿ. ರಸ್ತೆಯಾದ ಮೇಲೆ ಅಗಲ ಮಾಡಿಸುವುದಕ್ಕಿಂತ ಕಾಗದದ ಮೇಲೆ ಒಂದು ಗೆರೆ ಎಳೆಯುವುದು ಅಗ್ಗ.

ಕಾನೂನಿನಲ್ಲಿ ಇದಕ್ಕೆ ದಾರಿ ಇದೆಯೇ ಎಂದು ಕೇಳಿದರೆ, ಇದೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ, ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಯಾವುದೇ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರ ಕೊಡುತ್ತದೆ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳನ್ನು ಜಿಲ್ಲಾಧಿಕಾರಿಗಳು ಬಂದ್ ಮಾಡುವುದು ಈ ಕಲಂ ಹಿಡಿದೇ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆಯೂ ಬೇಕಿಲ್ಲ. ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು ಎಂದು ಅದೇ ಕಲಂ ಹೇಳುತ್ತದೆ. ಅಂದರೆ ಒಂದು ತಿಂಗಳ ಪ್ರಯೋಗಕ್ಕೆ ಬೇಕಾದದ್ದು ಒಂದು ಆದೇಶ, ಊರೂರಲ್ಲಿ ಡಂಗುರ, ನಾಲ್ಕು ಬ್ಯಾರಿಕೇಡು.

ಬೇರೆಡೆ ಇದು ನಡೆದೂ ಇದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ರಸ್ತೆಗಳು ರವಿವಾರ ವಾಹನಗಳಿಗೆ ಬಂದ್. ಚಂಡೀಗಢದ ಸುಖನಾ ಕೆರೆ ಕೂಡ ಹಳ್ಳಕ್ಕೆ ಒಡ್ಡು ಹಾಕಿ 1958ರಲ್ಲಿ ಮಾಡಿದ ಜಲಾಶಯವೇ. ಅದರ ಏರಿಯ ಮೇಲೆ ಮೋಟಾರಿನ ಸದ್ದು ಕೇಳಬಾರದು ಎಂದು ನಗರ ಕಟ್ಟಿದ ಲೆ ಕಾರ್ಬುಸಿಯೆ ಹಠ ಹಿಡಿದಿದ್ದ. ಇಂಗ್ಲೆಂಡಿನ ರಟ್ಲಂಡ್ ವಾಟರ್ ಜಲಾಶಯವನ್ನು 1970ರ ದಶಕದಲ್ಲಿ ನಮ್ಮಲ್ಲಿಯಂತೆಯೇ ಊರು ಮುಳುಗಿಸಿ ಕಟ್ಟಿದರು. ಇಂದು ಅದರ ಸುತ್ತ ಸೈಕಲ್ಲಿಗೆ, ನಡಿಗೆಗೆ ಸುಮಾರು 37 ಕಿ.ಮೀ. ಹಾದಿ ಇದೆ. ಕೊಲಂಬಿಯಾದ ಬೊಗೊಟಾ ಪಟ್ಟಣ 1974ರಿಂದ ಈ ಪದ್ಧತಿ ನಡೆಸಿಕೊಂಡು ಬಂದಿದೆ. ರವಿವಾರ ಅಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ನಗರ ರಸ್ತೆ ಸೈಕಲ್ಲಿನವರ ಕೈಯಲ್ಲಿರುತ್ತದೆ. ಆಲಮಟ್ಟಿಗೆ ನಾವು ಕೇಳುವುದು ಅದರ ಕಾಲು ಭಾಗವೂ ಅಲ್ಲ.

ಆಕ್ಷೇಪಗಳು ಬರುತ್ತವೆ, ಬರಬೇಕು. ಮೊದಲನೆಯದು ರೈತರದು: ನಮ್ಮ ಹೊಲಕ್ಕೆ ನಾವು ಹೋಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಡದೆ ಒಂದು ಬ್ಯಾರಿಕೇಡೂ ಇಡಕೂಡದು. ಸುತ್ತಿನ ಮೇಲಿನ ಊರಿನವರ ಟ್ರ್ಯಾಕ್ಟರ್, ಹಾಲಿನ ಗಾಡಿ, ಆಸ್ಪತ್ರೆಗೆ ಹೋಗುವ ವಾಹನ, ಆಂಬುಲೆನ್ಸ್, ಮದುವೆ ಮತ್ತು ಮಣ್ಣಿಗೆ ಹೋಗುವವರ ಗಾಡಿ, ಇವಕ್ಕೆ ಯಾವ ತಡೆಯೂ ಇರಬಾರದು. ನಿಧಾನವಾಗಿ ಹೋಗಲಿ, ಸಾಕು. ತಡೆ ಇರಬೇಕಾದದ್ದು ಹಾಯ್ದು ಹೋಗುವ ವಾಹನಕ್ಕೆ, ಕಬ್ಬಿನ ಲೋಡಿಗೆ, ಪ್ರವಾಸದ ಕಾರಿಗೆ. ಬಸ್ಸಿನ ವೇಳೆ ನೋಡಿಕೊಂಡೇ ಸುತ್ತು ಆರಿಸಬೇಕು. ದಿನಕ್ಕೆ ಒಂದೇ ಬಸ್ಸು ಬರುವ ಊರಿನ ಬಸ್ಸನ್ನು ಸೈಕಲ್ಲಿನ ಹೆಸರಿನಲ್ಲಿ ತಪ್ಪಿಸಬಾರದು.

ರಾಶಿಯ ಕಾಲದಲ್ಲಿ ರಸ್ತೆಯೇ ಕಣ ಆಗುವುದೂ ನಿಜ. ಹುರುಳಿ, ತೊಗರಿ, ಸಜ್ಜೆ ರಸ್ತೆಯ ಮೇಲೆ ಹಾಸಿರುತ್ತಾರೆ. ಓಡುವ ವಾಹನದ ಗಾಲಿಯೇ ಒಕ್ಕಣೆ ಮಾಡುತ್ತದೆ. ಎಷ್ಟೋ ಬೈಕುಗಳು ಅಲ್ಲಿ ಜಾರಿ ಬಿದ್ದಿವೆ. ಆ ವಾರಗಳಲ್ಲಿ ರೈತರು ರಸ್ತೆಯ ಒಂದು ಮಗ್ಗುಲು ಬಿಟ್ಟುಕೊಟ್ಟರೆ, ಸೈಕಲ್ಲಿನವರು ಅಲ್ಲಿ ಇಳಿದು ನಡೆದರೆ, ಇಬ್ಬರಿಗೂ ನಷ್ಟವಿಲ್ಲ.

ಎರಡನೆಯದು ಕಾರ್ಖಾನೆಯವರದು. ಕಬ್ಬು ಕಡಿದ ಮೇಲೆ ಒಣಗುತ್ತದೆ, ತೂಕ ಇಳಿಯುತ್ತದೆ, ತಡ ಮಾಡಲಾಗದು. ಒಪ್ಪಿದೆ. ಅದಕ್ಕೇ ನಾವು ಕಾರ್ಖಾನೆಗೆ ಹೋಗುವ ಮುಖ್ಯ ದಾರಿಗಳನ್ನು ಮುಟ್ಟುವುದಿಲ್ಲ. ಒಂದು ಸುತ್ತು, ಒಂದು ದಿನ, ಮೂರು ತಾಸು ಮಾತ್ರ ಲೋಡು ಬೇರೆ ದಾರಿ ಹಿಡಿಯಲಿ. ಜೊತೆಗೆ ಎಲ್ಲ ದಿನವೂ ಟ್ರೇಲರಿನ ಹಿಂದೆ ರಿಫ್ಲೆಕ್ಟರ್ ಇರುವಂತೆ ನೋಡಿಕೊಂಡರೆ ಸೈಕಲ್ಲಿನವರಷ್ಟೇ ಅಲ್ಲ, ನಿಮ್ಮ ಮನೆಯ ಬೈಕ್ ಸವಾರನೂ ಉಳಿಯುತ್ತಾನೆ.

ಮೂರನೆಯದು ಭದ್ರತೆ. ಅಣೆಕಟ್ಟೆ, ವಿದ್ಯುದಾಗಾರ ಎರಡೂ ಕಾವಲಿನ ಜಾಗಗಳು. ಅವುಗಳ ಹತ್ತಿರ ನಮಗೆ ಕೆಲಸವಿಲ್ಲ. ಕಾಲುವೆ ದಂಡೆಯಲ್ಲಿ ಮಾತ್ರ ಎಚ್ಚರ ಬೇಕು. ತಡೆಗೋಡೆ ಇಲ್ಲದ, ತಿರುವಿನ ದಂಡೆಗಳನ್ನು ಸುತ್ತಿನಿಂದ ಹೊರಗಿಡಬೇಕು, ಇಲ್ಲವೇ ಮೊದಲು ಅಲ್ಲಿ ಕಟ್ಟೆ ಕಟ್ಟಿಸಬೇಕು. ಮಕ್ಕಳು ಬರುವ ದಾರಿಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ನಾಲ್ಕನೆಯ ಆಕ್ಷೇಪವನ್ನು ಯಾರೂ ಬರೆದು ಕೊಡುವುದಿಲ್ಲ, ಕಟ್ಟೆಯ ಮೇಲೆ ಕೂತು ಆಡುತ್ತಾರೆ: ಇದೆಲ್ಲ ಲಕ್ಷ ರೂಪಾಯಿ ಸೈಕಲ್ ಇಟ್ಟುಕೊಂಡವರ ಶೋಕಿ. ಅವರಿಗೆ ಒಂದು ಮಾತು ನೆನಪಿಸಬೇಕು. 2006–07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಹೈಸ್ಕೂಲು ದೂರವಿದೆ ಎಂದು ಮನೆಯಲ್ಲೇ ಉಳಿಯಬಹುದಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ ಹತ್ತಿ ಶಾಲೆ ಮುಟ್ಟಿದರು. ಕೊರೊನಾ ಕಾಲದಲ್ಲಿ ಅದು ನಿಂತಿತು. ಈ ಸುತ್ತು ಮೊದಲು ಬೇಕಿರುವುದು ಆ ಮಕ್ಕಳಿಗೆ: ಅಣ್ಣನ ಹಳೆಯ ಸೈಕಲ್ಲಿಗೆ ಬ್ರೇಕು ಬಿಗಿಸಿಕೊಂಡು ಬರುವ ಹುಡುಗನಿಗೆ, ಕ್ಯಾರಿಯರಿನಲ್ಲಿ ತಂಗಿಯನ್ನು ಕೂಡಿಸಿಕೊಂಡು ಬರುವ ಹುಡುಗಿಗೆ. ದುಬಾರಿ ಸೈಕಲ್ಲಿನವರು ಅವರ ಹಿಂದೆ ಬರಲಿ. ಮುಂದಿನ ಪದಕ ಯಾರ ಕಾಲಲ್ಲಿದೆ ಎಂಬುದು ಸೈಕಲ್ಲಿನ ಬೆಲೆ ನೋಡಿದರೆ ತಿಳಿಯುವುದಿಲ್ಲ.

ಆಡಳಿತದ ಮುಂದೆ ನಮ್ಮ ಬೇಡಿಕೆಗಳು ಇವು:

1. ಎರಡೂ ಜಿಲ್ಲಾಡಳಿತಗಳು, ಕೃಷ್ಣಾ ಭಾಗ್ಯ ಜಲ ನಿಗಮ, ಪೊಲೀಸ್ ಇಲಾಖೆ ಮತ್ತು ದಾರಿಯ ಗ್ರಾಮ ಪಂಚಾಯಿತಿಗಳು ಕೂಡಿ ಕುಳಿತು ಸುತ್ತನ್ನು ಗುರುತಿಸಲಿ. ಗ್ರಾಮಸಭೆಯ ಒಪ್ಪಿಗೆ ಇಲ್ಲದ ಊರಿನ ಮೇಲೆ ಸುತ್ತು ಹೋಗುವುದು ಬೇಡ.

2. ಬೇಸಿಗೆಯಲ್ಲಿ ಐದೂವರೆಯಿಂದ ಎಂಟೂವರೆ, ಚಳಿಗಾಲದಲ್ಲಿ ಆರೂವರೆಯಿಂದ ಒಂಬತ್ತೂವರೆ ಎಂದು ವೇಳೆ ಗೊತ್ತುಮಾಡಲಿ. ಪ್ರವಾಸಿಗರ ಗದ್ದಲ ಶುರುವಾಗುವ ಮೊದಲೇ ಮುಗಿದಿರುತ್ತದೆ.

3. ಸುತ್ತಿನ ತಗ್ಗು ಮುಚ್ಚಿ, ಅಂಚಿಗೆ ಗರಸು ಹಾಕಿ ರೋಲರ್ ಓಡಿಸಲಿ. ರಸ್ತೆಗೆ ಚಾಚಿದ ಬಳ್ಳಾರಿ ಜಾಲಿಯನ್ನು ಕಡಿಸಲಿ. ಅದರ ಮುಳ್ಳಿನಿಂದ ಆಗುವಷ್ಟು ಪಂಕ್ಚರ್ ಇನ್ನಾವುದರಿಂದಲೂ ಆಗುವುದಿಲ್ಲ.

4. ಎರಡು ಮೂರು ಕಡೆ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಪ್ರಥಮೋಪಚಾರದ ಪೆಟ್ಟಿಗೆ ಇರಲಿ. ಹೊಸ ಕಟ್ಟಡ ಬೇಡ. ರವಿವಾರ ಶಾಲೆಯ ಗೇಟು ತೆರೆದರೆ ಸಾಕು.

5. ಮೊದಲು ಒಂದು ತಿಂಗಳು ಪ್ರಯೋಗ ಮಾಡಲಿ. ಆಮೇಲೆ ಊರಿನವರನ್ನು ಕೂಡಿಸಿ ಮುಂದುವರಿಸಬೇಕೋ ಬೇಡವೋ ಕೇಳಲಿ.

ಓದುಗರಲ್ಲಿ ಕೇಳುವುದೂ ಇದೆ. ನೀವು ದಂಡೆಯ ಊರಿನವರಾದರೆ ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ. ಬೇಡ ಎನ್ನುವವರ ಕಾರಣವನ್ನೂ ಠರಾವಿನಲ್ಲಿ ಬರೆಸಿ. ಪಾಲಕರಾದರೆ ಜಿಲ್ಲಾಧಿಕಾರಿಗಳಿಗೆ ಒಂದು ಪತ್ರ ಹಾಕಿ. ಶಿಕ್ಷಕರಾದರೆ ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರೆ, ಯಾವ ತಿರುವಿಗೆ ಹೆದರುತ್ತಾರೆ ಎಂದು ಪಟ್ಟಿ ಮಾಡಿ. ಸುತ್ತು ಗುರುತಿಸುವವರಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಚಹಾದಂಗಡಿ ಇದ್ದರೆ ಆ ದಿನ ಬೇಗ ಬಾಗಿಲು ತೆಗೆಯಿರಿ. ಸೈಕಲ್ ತುಳಿದವರಿಗೆ ಹಸಿವು ಹೆಚ್ಚು. ಕಾರಿನಲ್ಲಿ ಉದ್ಯಾನ ನೋಡಲು ಬರುವವರಾದರೆ ಹತ್ತು ಗಂಟೆಯ ಮೇಲೆ ಬನ್ನಿ.

ಸೈಕಲ್ ಸವಾರರಿಗೂ ಅಷ್ಟೇ ನೇರವಾಗಿ ಹೇಳಬೇಕು. ರಸ್ತೆ ಮೂರು ತಾಸು ನಿಮ್ಮದಾದರೂ ಊರು ನಿಮ್ಮದಲ್ಲ. ಊರೊಳಗೆ ವೇಗ ಇಳಿಸಿ, ಬೆಲ್ ಬಾರಿಸಿ. ದನ, ಕುರಿ, ಮುದುಕರು, ಎತ್ತಿನ ಗಾಡಿ ಮೊದಲು, ನೀವು ಆಮೇಲೆ. ಹೆಲ್ಮೆಟ್ ಇಲ್ಲದೆ ಬರಬೇಡಿ. ನೀರಿನ ಬಾಟಲಿ, ಬಿಸ್ಕಿಟ್ ಪೊಟ್ಟಣ ದಂಡೆಯಲ್ಲಿ ಎಸೆಯಬೇಡಿ. ಯಾರದೋ ಹೊಲದ ಕಡಲೆ, ಯಾರದೋ ಗಿಡದ ಪೇರಲ ಕೇಳದೆ ಕೀಳಬೇಡಿ. ಚಳಿಗಾಲದಲ್ಲಿ ಹಿನ್ನೀರಿಗೆ ಪಟ್ಟೆತಲೆ ಬಾತು, ರಾಜಹಂಸಗಳು ಇಳಿದಿರುತ್ತವೆ. ಫೋಟೊದ ಆಸೆಗೆ ಹತ್ತಿರ ಹೋಗಿ ಹಾರಿಸಬೇಡಿ. ಗುಂಪಿನಲ್ಲಿ ಹೊಸಬರು ಹಿಂದೆ ಉಳಿದರೆ ಬಿಟ್ಟು ಬರಬೇಡಿ.

ಕೊನೆಯದಾಗಿ ಇಷ್ಟು. ನಾವು ಕೇಳುತ್ತಿರುವುದು ಮೊದಲಿಗೆ ನಾಲ್ಕೇ ರವಿವಾರ, ಒಟ್ಟು ಹನ್ನೆರಡು ತಾಸು. ಕೊಟ್ಟು ನೋಡಿ. ಹೊಲಕ್ಕೆ ಹೋಗುವ ಒಬ್ಬ ರೈತನಿಗೆ, ಆಸ್ಪತ್ರೆಗೆ ಹೋಗುವ ಒಬ್ಬ ರೋಗಿಗೆ ಇದರಿಂದ ತೊಂದರೆಯಾಯಿತು ಎಂದು ಗ್ರಾಮಸಭೆ ಹೇಳಿದರೆ, ಐದನೆಯ ರವಿವಾರವನ್ನು ನಾವು ಕೇಳುವುದಿಲ್ಲ. ತೊಂದರೆಯಾಗಲಿಲ್ಲ, ಮಕ್ಕಳು ಬಂದರು, ಊರು ನಕ್ಕಿತು ಎಂದಾದರೆ ನಿಲ್ಲಿಸಲು ಬಿಡಬೇಡಿ.